ಎಣ್ಣೆ ಹಾಕಿದ ಕ್ಯಾಮೆರಾ

"ಬುದ್ಧಿ, ಒಬ್ಬ ಮನುಷ್ಯನನ್ನು ನಂಬಬಹುದೋ ಬಾರದೋ ಅನ್ನೋದನ್ನ ಮೊದಲೇ ತಿಳಿಯೋದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಮಠದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಠದ ವಿದ್ಯಾರ್ಥಿನಿಲಯಕ್ಕೆ ಹೊಸ ಅಡುಗೆಯವರನ್ನು ಗೊತ್ತು ಮಾಡುವ ಕೆಲಸವನ್ನು ಅವರು ಈ ಶಿಷ್ಯನಿಗೆ ಒಪ್ಪಿಸಿ ಬಹಳ ದಿನಗಳಾಗಿದ್ದವು. ಬಂದವರನ್ನೆಲ್ಲ ಅವನು ಒಂದಲ್ಲ ಒಂದು ಕುಂಟುನೆಪ ತೆಗೆದು ಕಳಿಸಿಬಿಟ್ಟಿದ್ದ. ಅಲ್ಲಿಯವರೆಗೆ ಮಕ್ಕಳು ತಾವೇ ಬೇಯಿಸಿಕೊಂಡ ಅರೆಬೆಂದ ಅನ್ನವನ್ನು ಉಣ್ಣುತ್ತಿದ್ದರು.

"ನೀನು ಹೇಗೆ ತಿಳಿಯುತ್ತಿದ್ದೀಯ?" ಎಂದರು ಗುರುಗಳು.

"ಪರೀಕ್ಷೆ ಮಾಡ್ತೀನಿ ಬುದ್ಧಿ."

"ಅದು ನನ್ನ ಕಿವಿಗೂ ಬಿತ್ತು. ತುಪ್ಪದ ಡಬ್ಬಿಯ ಮುಚ್ಚಳ ತೆಗೆದಿಟ್ಟು ನೀನು ಕಂಬದ ಹಿಂದೆ ಅವಿತು ನಿಂತಿದ್ದೆಯಂತೆ. ಅಡುಗೆಯವನು ಮುಚ್ಚಳ ಹಾಕಿ ತನ್ನ ಪಾಡಿಗೆ ಹೋದನಂತೆ. ಆದರೂ ಅವನು ಬೇಡ ಎಂದೆಯಂತೆ."

"ಮುಚ್ಚಳ ಹಾಕುವಾಗ ಅತ್ತ ಇತ್ತ ನೋಡಿದ ಬುದ್ಧಿ. ನಾನು ನೋಡ್ತಿದ್ದೀನಿ ಅಂತ ಗೊತ್ತಾಗಿ ಹಾಗೆ ಮಾಡಿರಬಹುದಲ್ಲ?"

ಗುರುಗಳಿಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ಬಂದಾಗ ಕತೆ ಹೇಳುವುದು ಅವರ ರೂಢಿ. ಬೈಯುವುದಕ್ಕಿಂತ ಅದು ಮೈಗೆ ಒಳ್ಳೆಯದು ಎನ್ನುತ್ತಿದ್ದರು.

"ಕೂತುಕೋ" ಎಂದರು. "ಒಂದು ಕತೆ ಹೇಳುತ್ತೇನೆ. ಊರು ಕೇಳಬೇಡ, ಹೆಸರೂ ಕೇಳಬೇಡ. ಹೆಸರು ಹೇಳಿದರೆ ನೀನು ಕತೆಯನ್ನು ಬಿಟ್ಟು ಅವರು ಯಾರ ಪೈಕಿ ಎಂದು ಹುಡುಕಲು ಹೊರಡುತ್ತೀಯ."

ಮರುಳಸಿದ್ಧ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಆ ಊರಿನ ಮದುವೆ, ನಾಮಕರಣ, ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿದ ಗುಂಪು, ಎಲ್ಲವನ್ನೂ ತೆಗೆದವನು ಅವನೇ. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಅವನ ಕೆಲಸ ಕಾಣುತ್ತಿತ್ತು. ಅವನು ಮಾತ್ರ ಯಾವ ಗೋಡೆಯ ಮೇಲೂ ಕಾಣುತ್ತಿರಲಿಲ್ಲ. ಫೋಟೋ ತೆಗೆಯುವವನು ಫೋಟೋದಲ್ಲಿ ಇರುವುದು ಹೇಗೆ? ಒಂದು ತೆಗೆಸಿಕೊಳ್ಳಪ್ಪ ಎಂದು ಮಗಳು ಹೇಳಿದರೆ, "ನನ್ನ ಮೂತಿಗೆ ಫಿಲ್ಮ್ ಯಾಕೆ ದಂಡ ಮಾಡ್ತೀಯವ್ವ?" ಎನ್ನುತ್ತಿದ್ದ. ಚುನಾವಣೆಯ ಗುರುತಿನ ಚೀಟಿಯಲ್ಲಿ ಒಂದು ಮುಖವಿತ್ತು. ಅದು ಅವನದೇ ಎಂದು ಮನೆಯವರು ಯಾರೂ ಒಪ್ಪುತ್ತಿರಲಿಲ್ಲ.

ಆ ಮಗಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪ ಜಗಲಿಯ ಮೇಲೆ ಕೂತು ಕ್ಯಾಮೆರಾ ಒರೆಸುತ್ತಿದ್ದ. ಹಳೆಯ ಕಾಲದ ಡಬ್ಬಿಯಂಥ ಕ್ಯಾಮೆರಾ, ಎದುರಿಗೆ ಒಂದರ ಮೇಲೊಂದು ಎರಡು ಗಾಜು, ಮೇಲಿನಿಂದ ಬಗ್ಗಿ ನೋಡಿ ತೆಗೆಯುವಂಥದ್ದು. ಅವನು ನೀರು ಕುಡಿಯಲು ಎದ್ದುಹೋಗಿ ಬರುವಷ್ಟರಲ್ಲಿ ಮಗಳು ಅದನ್ನು ಎತ್ತಿಕೊಂಡು ಕಾದು ನಿಂತಿದ್ದಳು. ಅವನು ಬೇಡ ಬೇಡ ಎನ್ನುತ್ತಿರುವಾಗಲೇ ಒತ್ತಿಬಿಟ್ಟಳು. ಅಪ್ಪ ಬೈದ, ಆಮೇಲೆ ನಕ್ಕ. "ರೋಲ್ ಮುಗೀಲಿ, ತೊಳೆದು ಕೊಡ್ತೀನಿ" ಎಂದ. ಅರ್ಧ ರೋಲನ್ನು ತೊಳೆಯುವವನಲ್ಲ ಅವನು.

ರೋಲ್ ಮುಗಿಯಲಿಲ್ಲ. ಅವನು ತೀರಿಕೊಂಡ.

ಕ್ಯಾಮೆರಾ ಬೀರು ಸೇರಿತು. ವರ್ಷದ ಕಾರ್ಯ ಹತ್ತಿರ ಬಂದಾಗ ಪೂಜೆಗೆ ಇಡಲು ಒಂದು ಭಾವಚಿತ್ರ ಬೇಕಾಯಿತು. ಊರಿಗೆಲ್ಲ ಭಾವಚಿತ್ರ ಮಾಡಿಕೊಟ್ಟವನ ಮನೆಯಲ್ಲಿ ಅವನದೇ ಇರಲಿಲ್ಲ. ಮಗಳು ಬೀರುವಿನಿಂದ ಕ್ಯಾಮೆರಾ ತೆಗೆದಳು. ಉಳಿದ ಫಿಲ್ಮನ್ನು ಸುತ್ತಿ ಹೊರಗೆ ತೆಗೆಯಬೇಕು ಎಂಬಷ್ಟು ಅವಳಿಗೆ ಗೊತ್ತಿತ್ತು. ಪಕ್ಕದ ಹಿಡಿಕೆ ತಿರುಗಿಸಿದರೆ ಫಿಲ್ಮ್ ಸುತ್ತಿಕೊಳ್ಳುತ್ತದೆ. ಹಿಡಿಕೆ ತಿರುಗಲಿಲ್ಲ. ಹಿಂಬದಿಯ ಬಾಗಿಲಿನ ಚಿಲಕವೂ ಕಚ್ಚಿಕೊಂಡು ಕೂತಿತ್ತು.

ಈಗ ಕೇಳು. ದರ್ಜಿಯ ಮೆಷಿನ್ ಬಿಗಿಯಾದರೆ ಅವಳು ಏನು ಮಾಡುತ್ತಾಳೆ? ಎಣ್ಣೆ ಹಾಕುತ್ತಾಳೆ. ಇಡೀ ಆಯುಷ್ಯದಲ್ಲಿ ಎಣ್ಣೆಗೆ ಬಗ್ಗದ ಯಂತ್ರವನ್ನೇ ಅವಳು ಕಂಡಿರಲಿಲ್ಲ. ಮೆಷಿನ್ ಎಣ್ಣೆಯ ಡಬ್ಬಿ ತಂದು ಹಿಡಿಕೆಯ ಸಂದಿಗೆ ಬಿಟ್ಟಳು. ಹಿಡಿಕೆ ಕೊಂಚ ಅಲ್ಲಾಡಿತು. ಖುಷಿಯಾಗಿ ಇನ್ನಷ್ಟು ಬಿಟ್ಟಳು. ಆಮೇಲೆ ಅದು ಪೂರ್ತಿ ನಿಂತುಬಿಟ್ಟಿತು.

ಆಗ ಅವಳಿಗೆ ಅಪ್ಪನ ಮಾತು ನೆನಪಾಯಿತು. ಎಣ್ಣೆ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡ ಎಂದು ಅವನು ಚಿಕ್ಕಂದಿನಿಂದಲೂ ಗದರಿಸುತ್ತಿದ್ದ. ಅಪ್ಪನ ಒಂದೇ ಒಂದು ಮುಖ ಆ ಡಬ್ಬಿಯೊಳಗಿತ್ತು. ಅದರ ಮೇಲೆ ತಾನೇ ಎಣ್ಣೆ ಸುರಿದೆನೋ ಏನೋ ಎಂದು ಅವಳಿಗೆ ಅನ್ನ ಸೇರದಾಯಿತು.

ಅವಳು ಈ ವಿಷಯ ಹೇಳಿದ್ದು ಭಾವನಿಗೆ ಮಾತ್ರ, ಅಕ್ಕನ ಗಂಡನಿಗೆ. ಭಾವ ಲೋಕ ಕಂಡವನು. "ರಿಪೇರಿಯವರ ಹತ್ರ ಹೋಗು, ಆದರೆ ಎಣ್ಣೆ ಹಾಕಿದೆ ಅಂತ ಬಾಯಿ ಬಿಡಬೇಡ" ಎಂದ. "ಬಿಟ್ಟರೆ ಮುಗೀತು. ನಾಳೆ ಅವರೇ ಕೆಡಿಸಿದರೂ ನಿನ್ನ ಎಣ್ಣೆಯಿಂದ ಆಯ್ತು ಅಂತಾರೆ. ಏನೂ ಮಾಡಿಲ್ಲ, ಅದೇ ನಿಂತುಹೋಯ್ತು ಅನ್ನು."

ಮಾತು ಸರಿಯಾಗಿಯೇ ಇತ್ತು. ಲೋಕ ಕಂಡವರ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಅದೇ ಅದರ ತೊಂದರೆ.

ಅವಳು ಕ್ಯಾಮೆರಾವನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ದೊಡ್ಡ ಪೇಟೆಗೆ ಹೋದಳು. ಮೊದಲು ಹೊಕ್ಕಿದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಎಲ್ಲರೂ ಕೇಳುವುದನ್ನೇ ಅವಳೂ ಕೇಳಿದಳು. ಎಷ್ಟು ವರ್ಷದಿಂದ ಮಾಡುತ್ತೀರಿ, ಇಂಥದ್ದು ಮಾಡಿದ್ದೀರಾ, ಯಾವಾಗ ಕೊಡುತ್ತೀರಿ. ಅಂಗಡಿಯವನಿಗೆ ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು. "ನನ್ನ ಕೈಗೆ ಬಂದಿದ್ದು ಒಂದೂ ಕೆಟ್ಟಿಲ್ಲ ಮೇಡಂ" ಎಂದ. ಹೇಳುತ್ತಲೇ ಚಿಲಕದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಬಾಗಿಲನ್ನು ಮೀಟಲು ಹೋದ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಅವಳು ಚೀರಿ ಕ್ಯಾಮೆರಾ ಕಿತ್ತುಕೊಂಡಳು. "ಒಳಗೆ ಫಿಲ್ಮ್ ಐತೆ!"

"ಇರಲಿ ಬಿಡಿ ಮೇಡಂ, ಅಷ್ಟು ಹಳೇದು ಎಲ್ಲಿ ಬರುತ್ತೆ?" ಎಂದು ಅವನು ನಕ್ಕ.

ಬೆಳಕು ಬಿದ್ದರೆ ಫಿಲ್ಮ್ ಸುಟ್ಟ ಹಾಗೆಯೇ. ಅವಳು ಬೀದಿಗೆ ಬಂದು ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ನಿಂತಳು. ಕ್ಷಣ ತಡವಾಗಿದ್ದರೆ ಅಪ್ಪ ಎರಡನೆಯ ಸಲ ಹೋಗಿಬಿಡುತ್ತಿದ್ದ.

ಎರಡನೆಯ ಅಂಗಡಿಯವನು ಮೆತ್ತಗಿನ ಮನುಷ್ಯ. ಕುರ್ಚಿ ಕೊಟ್ಟ, ನೀರು ಕೊಟ್ಟ, ನಿಮ್ಮ ತಂದೆಯವರ ಹೆಸರು ಕೇಳಿದ್ದೇನೆ ಎಂದ. ಅವಳಿಗೆ ಸಮಾಧಾನವಾಗಿ ಕ್ಯಾಮೆರಾ ಕೈಗೆ ಕೊಡಬೇಕು ಎನ್ನುವಷ್ಟರಲ್ಲಿ ಬೇರೊಬ್ಬ ಗಿರಾಕಿ ಬಂದ. ತಾನು ರಿಪೇರಿಗೆ ಕೊಟ್ಟಿದ್ದ ಕ್ಯಾಮೆರಾವನ್ನು ತಿರುಗಿಸಿ ನೋಡಿ, ಗಾಜಿನ ಮೇಲೆ ಈ ಗೀರು ಎಲ್ಲಿಂದ ಬಂತು ಎಂದು ಕೇಳಿದ. ಮೆತ್ತಗಿನ ಮನುಷ್ಯ ಮೆತ್ತಗೇ ಹೇಳಿದ: "ಅದು ಮೊದಲೇ ಹಾಗಿತ್ತು."

ಅವಳು ಗಿರಾಕಿಯ ಮುಖ ನೋಡಿದಳು. ಅದು ಮೊದಲು ಹಾಗಿರಲಿಲ್ಲ ಎಂದು ಆ ಮುಖದಲ್ಲೇ ಬರೆದಿತ್ತು.

ಮರುಳಸಿದ್ಧ, ರಿಪೇರಿ ಅಂಗಡಿಯ ಮೇಜಿನ ಮೇಲೆ ದಿನವೂ ಓಡಾಡುವ ಸುಳ್ಳುಗಳು ಎರಡೇ. ಒಳಗೆ ಕೂತವನು, ಅದು ಮೊದಲೇ ಹಾಗಿತ್ತು ಎನ್ನುತ್ತಾನೆ. ಹೊರಗೆ ನಿಂತವನು, ನಾನೇನೂ ಮಾಡಿಲ್ಲ ಎನ್ನುತ್ತಾನೆ. ನಡುವೆ ಇರುವ ಯಂತ್ರಕ್ಕೆ ಎರಡೂ ಗೊತ್ತಿರುತ್ತದೆ, ಪಾಪ ಅದಕ್ಕೆ ಬಾಯಿಲ್ಲ.

ಅವಳು ಎದ್ದು ಹೊರಗೆ ಬಂದಳು. ಆ ಗಿರಾಕಿಯೂ ಗೊಣಗುತ್ತ ಹೊರಗೆ ಬಂದ. ಅವನೇ ಹೇಳಿದ, ಹಿಂದಿನ ಓಣಿಯಲ್ಲಿ ಒಬ್ಬ ಮುದುಕನಿದ್ದಾನೆ, ಹಿಂದೆ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ, ಈಗ ಮಿಕ್ಸಿ ರಿಪೇರಿ ಮಾಡುತ್ತಾನೆ ಎಂದು. "ಮತ್ತೆ ನೀವು ಯಾಕೆ ಅಲ್ಲಿಗೆ ಹೋಗಲಿಲ್ಲ?" ಎಂದು ಅವಳು ಕೇಳಿದಳು. "ಮಿಕ್ಸಿ ರಿಪೇರಿಯವನ ಹತ್ರ ಯಾರು ಹೋಗ್ತಾರಮ್ಮ?" ಎಂದ ಅವನು.

ಓಣಿಯ ಅಂಗಡಿ ಇಷ್ಟಗಲ. ನೆಲದ ತುಂಬ ಮಿಕ್ಸಿ ಜಾರುಗಳು. ಮೇಲಿನ ಹಲಗೆಯ ಮೇಲೆ ಒಂದಷ್ಟು ಹಳೆಯ ಕ್ಯಾಮೆರಾಗಳು. ಮುದುಕ ಯಾವುದೋ ಮನೆಯ ಚಟ್ನಿ ಅಂಟಿದ್ದ ಜಾರನ್ನು ಕೆರೆಯುತ್ತ ಕೂತಿದ್ದ. ಇವನ ಕೈಗೆ ಅಪ್ಪನನ್ನು ಕೊಡುವುದೇ ಎಂದು ಅವಳಿಗೆ ಅನಿಸಿತು. ಬೆಳಗಿನಿಂದ ಉಂಡಿರಲಿಲ್ಲ, ತಲೆ ಸಿಡಿಯುತ್ತಿತ್ತು. ಅವಳು ಕೇಳಬೇಕೆಂದುಕೊಂಡದ್ದನ್ನೆಲ್ಲ ಬಿಟ್ಟು ಸಿಟ್ಟಿನಲ್ಲಿ ಬೇರೆಯೇ ಕೇಳಿದಳು.

"ಯಜಮಾನ್ರೇ, ನಿಮ್ಮ ಕೈಲಿ ಕೆಟ್ಟ ಕ್ಯಾಮೆರಾ ಒಂದಾದರೂ ಐತಾ? ಇಲ್ಲ ಅನ್ನೋದಾದ್ರೆ ಅದನ್ನೂ ಹೇಳಿಬಿಡಿ, ನಾನು ಊರಿಗೆ ಹೋಗ್ತೀನಿ."

ಮುದುಕ ಜಾರನ್ನು ಕೆಳಗಿಟ್ಟು ಕೈ ಒರೆಸಿಕೊಂಡ. ಸ್ಟೂಲು ಹತ್ತಿ ಹಲಗೆಯ ಮೂಲೆಯಿಂದ ಒಂದು ಕ್ಯಾಮೆರಾ ಇಳಿಸಿದ.

"ಐತಲ್ಲ ತಾಯಿ. ಇದು. ಒಬ್ಬ ಮೇಷ್ಟ್ರದು. ಅವಸರದಲ್ಲಿದ್ದೆ, ಕೈ ಜಾರಿತು, ಒಳಗಿನ ಶಟರಿನ ತೆಳು ಎಲೆಗಳು ಹರಿದುಹೋದವು. ಸರಿ ಮಾಡೋಕೆ ಆಗಲಿಲ್ಲ. ನನ್ನ ಸ್ವಂತದ್ದನ್ನ ಅವರಿಗೆ ಕೊಟ್ಟು ಇದನ್ನ ನಾನು ಇಟ್ಕೊಂಡೆ."

"ಮೇಷ್ಟ್ರು ಏನಂದ್ರು?"

"ಬೈದರು. ಬೈಯೋ ಕೆಲಸ ಮಾಡಿದ್ದೆ, ಬೈಸಿಕೊಂಡೆ."

"ಅದು ಮೊದಲೇ ಹಾಗಿತ್ತು ಅನ್ನಬಹುದಿತ್ತಲ್ಲ?"

"ಅನ್ನಬಹುದಿತ್ತು. ಅವರಿಗೆ ಗೊತ್ತೂ ಆಗ್ತಿರಲಿಲ್ಲ" ಎಂದ ಮುದುಕ. ಇಷ್ಟು ಹೇಳಿ ಮತ್ತೆ ಜಾರು ಕೈಗೆತ್ತಿಕೊಂಡ. ನಿಮ್ಮ ಕ್ಯಾಮೆರಾ ಕೊಡಿ ಎಂದು ಕೈ ಚಾಚಲೂ ಇಲ್ಲ.

ಇಲ್ಲಿ ಮರುಳಸಿದ್ಧ ತಡೆಯಲಾರದೆ ನಡುವೆ ಬಾಯಿ ಹಾಕಿದ. "ಬುದ್ಧಿ, ಗಿರಾಕಿ ನಂಬಲಿ ಅಂತಲೇ ಅವನು ಅದನ್ನ ಇಟ್ಕೊಂಡಿರಬಹುದಲ್ಲ? ಬಂದವರಿಗೆಲ್ಲ ತೋರಿಸೋಕೆ?"

"ಬಂದೆಯಾ ಕಂಬದ ಹಿಂದಿನಿಂದ?" ಎಂದರು ಗುರುಗಳು. "ಮೇಷ್ಟ್ರ ಕ್ಯಾಮೆರಾದ ಮೇಲೆ ಬೆರಳು ಇಟ್ಟರೆ ಗುರುತು ಮೂಡುವಷ್ಟು ಧೂಳು ಕೂತಿತ್ತು. ದಿನಾ ತೋರಿಸುವ ವಸ್ತುವಿಗೆ ಧೂಳು ಹಿಡಿಯುವುದಿಲ್ಲ. ಅವಳು ದರ್ಜಿ, ಧೂಳು ನೋಡಿದರೆ ಬಟ್ಟೆ ಎಷ್ಟು ಕಾಲದಿಂದ ಮಡಿಸಿಟ್ಟಿದೆ ಎಂದು ಹೇಳಬಲ್ಲವಳು. ಸುಮ್ಮನೆ ಕೇಳು."

ಅವಳು ಸೀರೆಯ ತುಂಡು ಬಿಚ್ಚಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಒಳಗೆ ಏನಿದೆ ಎಂದು ಹೇಳಿದಳು. ಅಪ್ಪ, ಜಗಲಿ, ಮುಗಿಯದ ರೋಲು, ಎಲ್ಲವನ್ನೂ ಹೇಳಿದಳು. ಮುದುಕ ಅದನ್ನು ಎರಡು ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದ. ಹಿಡಿಕೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ. ಚಿಲಕವನ್ನು ಮುಟ್ಟಿದ. ಆಮೇಲೆ ಕೇಳಿದ.

"ಇದಕ್ಕೆ ಮನೇಲಿ ಯಾರಾದರೂ ಏನಾದರೂ ಮಾಡಿದ್ರಾ ತಾಯಿ?"

"ಇಲ್ಲ, ಯಾರೂ ಏನೂ ಮಾಡಿಲ್ಲ. ಅದೇ ನಿಂತುಹೋಯ್ತು" ಎಂದಳು ಅವಳು.

ಭಾವ ಹೇಳಿಕೊಟ್ಟ ಮಾತು ಬಾಯಿಂದ ತಾನಾಗಿಯೇ ಬಂತು. ಮೇಷ್ಟ್ರ ಕ್ಯಾಮೆರಾ ಇನ್ನೂ ಅಲ್ಲೇ ಮೇಜಿನ ಮೇಲಿತ್ತು. ಅದರ ಎದುರೇ ಅವಳು ಸುಳ್ಳು ಹೇಳಿದಳು.

ಮುದುಕ ಅವಳ ಮುಖವನ್ನು ದಿಟ್ಟಿಸಲಿಲ್ಲ. ಅಡ್ಡಪ್ರಶ್ನೆ ಹಾಕಲಿಲ್ಲ. "ಸರಿ" ಎಂದ. ಅವಳ ಮಾತನ್ನು ಹಾಗೆಯೇ ನಂಬಿದ.

"ಹಾಗಾದ್ರೆ ಹಳೇ ಗ್ರೀಸು ಗಟ್ಟಿಯಾಗಿದೆ" ಎಂದ. "ಚಿಲಕಾನ ಬಲವಂತ ಮಾಡಿದ್ರೆ ಮುರಿಯುತ್ತೆ. ಸ್ವಲ್ಪ ಬಿಸಿ ತೋರಿಸಿದ್ರೆ ಗ್ರೀಸು ಇಳಿಯುತ್ತೆ, ತಾನಾಗೇ ಬಿಡುತ್ತೆ. ಬಾಗಿಲು ಸಡಿಲಾದ ಮೇಲೆ ಕತ್ತಲಲ್ಲಿ ಇಟ್ಟು ಫಿಲ್ಮ್ ತೆಗೆಯೋಣ. ಹೆದರಬೇಡಿ."

ಅವನು ಮೇಜಿನ ದೀಪವನ್ನು ಎಳೆದುಕೊಂಡು ಸ್ವಿಚ್ ಒತ್ತಿದ. ಹಳೆಯ ಕಾಲದ ಬಲ್ಬು, ಬೇಗ ಬಿಸಿಯಾಗುವಂಥದ್ದು. ಅದು ಬಿಸಿಯಾಗಲಿ ಎಂದು ಕಾಯುತ್ತ ಕ್ಯಾಮೆರಾವನ್ನು ಮೃದುವಾದ ಬಟ್ಟೆಯ ಮೇಲೆ ಮಲಗಿಸಿದ. ಹಿಡಿಕೆಯ ಬದಿ ಮೇಲಕ್ಕೆ ಬಂತು.

ಅವಳು ಆ ಬಲ್ಬನ್ನು ನೋಡಿದಳು. ಎಣ್ಣೆಗೆ ಬಿಸಿ ತಗುಲಿದರೆ ಏನಾಗುತ್ತದೆ ಎಂದು ದರ್ಜಿಗೆ ಯಾರೂ ಕಲಿಸಬೇಕಾಗಿಲ್ಲ. ಚಳಿಗಾಲದಲ್ಲಿ ತೊಟ್ಟಿಕ್ಕದ ಎಣ್ಣೆ ಬೇಸಿಗೆಯಲ್ಲಿ ಮೆಷಿನ್‌ನಿಂದ ಹರಿದು ರೇಷ್ಮೆ ರವಿಕೆಯನ್ನು ಹಾಳು ಮಾಡುವುದನ್ನು ಅವಳು ಕಂಡಿದ್ದಳು. ಹಿಡಿಕೆಯ ಸಂದಿಯಲ್ಲಿ ನಿಂತ ಎಣ್ಣೆ ಈ ಬಿಸಿಗೆ ನೀರಾಗಿ ಕೆಳಗೆ ಇಳಿಯುತ್ತದೆ. ಕೆಳಗೆ ಅಪ್ಪನಿದ್ದಾನೆ.

ಈಗ ಹೇಳಬೇಕು. ಹೇಳಿದರೆ ಮುದುಕ ಕ್ಯಾಮೆರಾವನ್ನು ಹಿಂದಕ್ಕೆ ತಳ್ಳಬಹುದು. ಸುಳ್ಳು ಹೇಳಿದೆಯಾ ಎಂದು ಓಣಿಯ ಎದುರು ಬೈಯಬಹುದು. ಆಮೇಲೆ ಫಿಲ್ಮ್ ಹಾಳಾಗಿದ್ದು ಕಂಡರೆ ನಿನ್ನಿಂದಲೇ ಆಯಿತು ಎನ್ನಬಹುದು, ಅದಕ್ಕೆ ಅವಳ ಬಳಿ ಉತ್ತರವಿಲ್ಲ. ಹೇಳದಿದ್ದರೆ, ಫಿಲ್ಮ್ ಹಾಳಾದರೂ ತಪ್ಪು ಬಲ್ಬಿನದು, ಮುದುಕನದು. ಇದಿಷ್ಟೂ ಅವಳ ತಲೆಯಲ್ಲಿ ಓಡಿತು. ಓಡಿತು ಎಂಬುದಕ್ಕೆ ಅವಳಿಗೆ ಆಮೇಲೆ ನಾಚಿಕೆಯೂ ಆಯಿತು. ಮುದುಕ ಕೈಯಿಂದ ಬಲ್ಬಿನ ಬಿಸಿ ನೋಡಿ ದೀಪವನ್ನು ಹತ್ತಿರಕ್ಕೆ ಬಗ್ಗಿಸಿದ.

"ಬೇಡ!" ಎಂದಳು. "ಬೇಡ ಯಜಮಾನ್ರೇ. ನಾನು ಎಣ್ಣೆ ಹಾಕಿದೀನಿ."

ಮುದುಕ ದೀಪ ಆರಿಸಿದ.

ಅವಳು ತಲೆ ಎತ್ತಲಿಲ್ಲ. "ಮೆಷಿನ್ ಎಣ್ಣೆ. ಹಿಡಿಕೆ ಸಂದೀಲಿ. ಸುಮಾರು ಹಾಕಿದೆ. ನಾನೇ ಕೆಡಿಸಿದೀನಿ. ಆಗಲೇ ಸುಳ್ಳು ಹೇಳಿದೆ" ಎಂದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ಆಗಲಿಲ್ಲ. ಭಾವ ಹೇಳಿದ್ದು, ಅಪ್ಪ ಗದರಿಸುತ್ತಿದ್ದದ್ದು, ಅಂದಿನಿಂದ ಅನ್ನ ಸೇರದೆ ಇದ್ದದ್ದು, ಎಲ್ಲ ಹೊರಗೆ ಬಂತು.

ಮುದುಕ ಬೈಯಲಿಲ್ಲ. ಮೊದಲು ಕ್ಯಾಮೆರಾವನ್ನು ಮಗ್ಗುಲು ಬದಲಿಸಿದ. ಹಿಡಿಕೆಯ ಬದಿಯನ್ನು ಕೆಳಗೆ ಮಾಡಿ, ಅಡಿಗೆ ಹಳೆಯ ಕಾಗದ ಹಾಸಿದ. ಎಣ್ಣೆ ಒಳಗಿಳಿಯದೆ ಬಂದ ದಾರಿಯಲ್ಲೇ ಹೊರಗೆ ಬರಲಿ ಎಂದು. ಆಮೇಲೆ ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟ. ಅವನ ಹಣೆಯ ಮೇಲೆ ಬೆವರಿತ್ತು.

"ಎಷ್ಟು ದಿನ ಆಯ್ತು ತಾಯಿ? ಯಾವ ಕಡೆಯಿಂದ ಬಿಟ್ಟಿರಿ? ಹಾಕಿದ ಮೇಲೆ ಇದನ್ನ ನೆಟ್ಟಗೆ ಇಟ್ಟಿದ್ರಾ, ಮಲಗಿಸಿದ್ರಾ?"

ಬೈಗುಳಕ್ಕೆ ಕಾಯುತ್ತಿದ್ದವಳಿಗೆ ಬಂದದ್ದು ಪ್ರಶ್ನೆಗಳು. ಅವಳು ಒಂದೊಂದಕ್ಕೂ ನೆನಪು ಮಾಡಿಕೊಂಡು ನಿಜ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಉಸಿರು ಸರಾಗವಾಯಿತು. ಫಿಲ್ಮ್ ಉಳಿದಿದೆಯೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಆದರೂ ಅವಳಿಗೆ ಹಸಿವಾಯಿತು. ಎಷ್ಟೋ ದಿನಗಳ ಮೇಲೆ ಆದ ಹಸಿವು ಅದು. ಮುದುಕ ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿದ. ಅವಳು ಮಿಕ್ಸಿ ಜಾರುಗಳ ನಡುವೆ ಕೂತು ಹೊಟ್ಟೆ ತುಂಬ ತಿಂದಳು.

ಆಮೇಲೆ ಮುದುಕ ಬಿಸಿಯ ಮಾತೇ ಎತ್ತಲಿಲ್ಲ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಚಿಲಕದ ಸಂದಿಗೆ ಸವರುವುದು, ಕಾಯುವುದು, ಒರೆಸುವುದು, ಮತ್ತೆ ಸವರುವುದು. ಹಾಸಿದ ಕಾಗದದ ಮೇಲೆ ಎಣ್ಣೆಯ ಕಲೆ ನಿಧಾನವಾಗಿ ಅಗಲವಾಯಿತು. ಹೊರಗೆ ಬಂದ ಪ್ರತಿ ತೊಟ್ಟೂ ಒಳಗೆ ಹೋಗದ ತೊಟ್ಟು ಎಂದು ಅವಳು ಅದನ್ನೇ ನೋಡುತ್ತ ಕೂತಳು. ಯಾರೋ ಮಿಕ್ಸಿ ಕೇಳಲು ಬಂದರು. ನಾಳೆ ಬನ್ನಿ ಎಂದು ಮುದುಕ ತಲೆ ಎತ್ತದೆ ಹೇಳಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಿಲಕ ಬೆರಳಿಗೆ ಸಡಿಲವಾಯಿತು. ಮುದುಕ ಕ್ಯಾಮೆರಾವನ್ನು ತೋಳುಗಳಿದ್ದ ಒಂದು ಕಪ್ಪು ಚೀಲದೊಳಗೆ ಹಾಕಿ, ತೋಳುಗಳಲ್ಲಿ ತನ್ನ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದ. ಚೀಲದೊಳಗೆ ಕತ್ತಲು, ನೋಡಿದರೂ ಕಾಣುವುದಿಲ್ಲ, ಆದರೂ ಅವನು ಕಣ್ಣು ಮುಚ್ಚಿದ್ದ. ಅವಳೂ ಮುಚ್ಚಿಕೊಂಡಳು. ಒಳಗೆ ಚಿಲಕ ಬಿಟ್ಟ ಸದ್ದು ಇಬ್ಬರಿಗೂ ಕೇಳಿತು.

ಫಿಲ್ಮನ್ನು ಅವನೇ ಹಿತ್ತಿಲ ಬಚ್ಚಲಿನ ಕತ್ತಲಲ್ಲಿ ತೊಳೆದ. ಹಿಂದೆ ಅದೂ ಅವನ ಕಸುಬೇ. ಒದ್ದೆ ಫಿಲ್ಮನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದ. ಕರಿ ಬಿಳಿ ತಿರುಗುಮುರುಗಾಗಿ ಕಾಣುವ ಆ ಪಟ್ಟಿಯಲ್ಲಿ ಅವಳಿಗೆ ಮೊದಲು ಏನೂ ತಿಳಿಯಲಿಲ್ಲ. ಯಾವುದೋ ಮದುವೆಯ ಜೋಡಿ, ಯಾವುದೋ ಮಗು, ಆಮೇಲೆ ಜಗಲಿಯ ಕಂಬ. ಕಂಬದ ಪಕ್ಕದಲ್ಲಿ ಅಪ್ಪ.

ಚಿತ್ರ ಓರೆಯಾಗಿತ್ತು. ಅಪ್ಪ ಕ್ಯಾಮೆರಾ ಕಡೆಗೆ ಕೈ ಚಾಚಿದ್ದ, ಬಾಯಿ ಅರ್ಧ ತೆರೆದಿತ್ತು. ನೆಟ್ಟಗೆ ಹಿಡಿ ಎಂದು ಹೇಳಿಕೊಡುತ್ತಿದ್ದ. ಬೇಡ ಬೇಡ ಎನ್ನುತ್ತಿದ್ದಾನೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಬಾಯಲ್ಲಿ ಬೇಡ ಎನ್ನುತ್ತಲೇ ಕೈಯಲ್ಲಿ ಕಲಿಸುತ್ತಿದ್ದ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು.

ಪಟ್ಟಿಯ ಅಂಚಿನಲ್ಲಿ ಎಣ್ಣೆ ತಾಗಿ ಮಸುಕಾದ ಒಂದು ಗೆರೆಯಿತ್ತು. ಅದು ಅಪ್ಪನ ಭುಜದವರೆಗೆ ಬಂದು ನಿಂತಿತ್ತು. ಮುದುಕ ಆ ಗೆರೆಯನ್ನು ಬೆರಳಿನಿಂದ ತೋರಿಸಿದ. ದೀಪ ಇನ್ನು ಸ್ವಲ್ಪ ಹೊತ್ತು ಉರಿದಿದ್ದರೆ ಏನಾಗುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು.

"ಭುಜದವರೆಗೆ ಬಂತು ತಾಯಿ, ಮುಖ ಮುಟ್ಟಲಿಲ್ಲ" ಎಂದ ಮುದುಕ. ಹೇಳಿ ತಾನೂ ನಕ್ಕ.

ವರ್ಷದ ಕಾರ್ಯಕ್ಕೆ ಆ ಓರೆ ಚಿತ್ರವನ್ನೇ ದೊಡ್ಡದು ಮಾಡಿಸಿ ಇಟ್ಟರು. ಇದೇನು, ಬಾಯಿ ತೆರೆದಿರುವ ಫೋಟೋ ಇಟ್ಟಿದ್ದೀರಿ ಎಂದು ಬಂದವರು ಕೇಳಿದರು. ನೋಡಿದವರಿಗೆಲ್ಲ ಫೋಟೋಗ್ರಾಫರ್ ತಮ್ಮನ್ನೇ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಿ ಎನ್ನುತ್ತಿರುವಂತೆ ಕಂಡಿತು. ಹೂ ಏರಿಸಲು ಹೋದವರು ಸೀರೆ ಪಂಚೆ ಸರಿಮಾಡಿಕೊಂಡು ನೆಟ್ಟಗೆ ನಿಂತರಂತೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರುಳಸಿದ್ಧನ ಮುಖ ಸಡಿಲವಾಗಿತ್ತು. ಫಿಲ್ಮ್ ಉಳಿಯಿತಲ್ಲ ಎಂಬ ಸಮಾಧಾನ ಅವನಿಗೂ ಆಗಿತ್ತು. ಅವನು ತಲೆ ಕೆರೆದುಕೊಂಡ.

"ಈಗ ತಿಳೀತು ಬುದ್ಧಿ. ತನ್ನ ಕೈಲಿ ಕೆಟ್ಟಿದ್ದನ್ನ ಮುಚ್ಚಿಡದವನನ್ನ ನಂಬಬೇಕು. ಇನ್ನು ಬರೋ ಅಡುಗೆಯವರಿಗೆಲ್ಲ ಮೊದಲು ಅದನ್ನೇ ಕೇಳ್ತೀನಿ. ಆದರೆ ಅಂಥ ಮನುಷ್ಯ ಸಿಗೋದೇ ಕಷ್ಟ. ಅಂಥ ರಿಪೇರಿಯವನು ನಮಗೆ ಎಲ್ಲಿ ಸಿಗ್ತಾನೆ?"

ಗುರುಗಳು ಮೊಣಕಾಲಿಗೆ ಕೈಯೂರಿ ಎದ್ದರು. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅಂಥ ಗಿರಾಕಿ ಎಲ್ಲಿ ಸಿಗುತ್ತಾಳೆ ಎಂದು ಆ ಮುದುಕನೂ ಅಷ್ಟು ವರ್ಷ ಕಾದು ಕೂತಿದ್ದ, ಮರುಳಸಿದ್ಧ."